ಗಾಜಿಗೊಂದು ಕಂಬಳಿ

೫ ಡಿಸೆಂಬರ್ ೧೯೪೩, ಭಾನುವಾರ

ಈ ಡೈರಿ ನನ್ನದಲ್ಲ. ಯಾರೋ ವಿಮಾ ಏಜೆಂಟರು ಬಸ್ಸಿನಲ್ಲಿ ಮರೆತುಹೋದದ್ದು. ಮೂರು ವಾರ ಸ್ಟ್ಯಾಂಡಿನಲ್ಲಿ ಕೇಳಿ ನೋಡಿದೆ, ಯಾರೂ ಬರಲಿಲ್ಲ. ನನಗೆ ಉರ್ದು ಓದಲು ಬರುತ್ತದೆ, ಬರೆಯಲು ಕೈ ಓಡದು. ಹೊಸಕೋಟೆ ಕನ್ನಡ ಶಾಲೆಯ ಮೇಷ್ಟರ ಬೆತ್ತದ ಪುಣ್ಯದಿಂದ ಕನ್ನಡ ಬರೆಯಬಲ್ಲೆ. ಹೆಂಡತಿ ಖದೀಜಾಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಗಾಗಿ ಮನಸ್ಸಿಗೆ ಬಂದದ್ದೆಲ್ಲ ಇಲ್ಲಿ ಬರೆಯಬಹುದು, ಮನೆಯಲ್ಲಿ ಜಗಳವಾಗುವುದಿಲ್ಲ.

ಇವತ್ತು ಮೊದಲ ಬಸ್ಸು ಇಪ್ಪತ್ತು ನಿಮಿಷ ತಡ. ಎಲ್ಲಾ ಈ ಹಾಳು ಮಂಜಿನಿಂದ. ಕೆರೆ ಕಡೆಯಿಂದ ಎದ್ದು ಬಂದು ಬಸ್ಸಿನ ಮುಂದಿನ ಗಾಜಿನ ಮೇಲೆ ಕೂತುಬಿಡುತ್ತದೆ. ಒರೆಸಿ ಬಟ್ಟೆ ಹಿಂಡುವುದರೊಳಗೆ ಮತ್ತೆ ಹಾಜರ್. ಹೊಗೆಸೊಪ್ಪು ತಿಕ್ಕಿದೆ, ಈರುಳ್ಳಿ ತಿಕ್ಕಿದೆ. ಗಾಜಿಗೆ ಒಗ್ಗರಣೆ ವಾಸನೆ ಬಂತೇ ಹೊರತು ರಸ್ತೆ ಕಾಣಿಸಲಿಲ್ಲ. ಒಳಗೆ ಕೂತ ತರಕಾರಿಯವರು, ಹಾಲಿನವರು, "ಏನ್ ಸಾಬ್ರೇ, ಮದುವೆ ಹೆಣ್ಣಿಗೆ ಅರಿಶಿನ ತಿಕ್ದಂಗ್ ತಿಕ್ತಿದ್ದೀರಲ್ಲಾ!" ಅಂತ ನಗುತ್ತಿದ್ದರು.

ನಗಲಿ ಬಿಡು. ಈ ಗಾಜಿನ ಬೆಲೆ ಅವರಿಗೇನು ಗೊತ್ತು? ಯುದ್ಧ ಶುರುವಾದ ಮೇಲೆ ಪೆಟ್ರೋಲಿಲ್ಲದೆ ಬಸ್ಸನ್ನು ಇದ್ದಿಲ ಹೊಗೆಯ ಮೇಲೆ ಓಡಿಸುತ್ತಿದ್ದೇವೆ. ಗಾಜಂತೂ ವಿಲಾಯಿತಿಯಿಂದ ಬರುವುದೇ ನಿಂತಿದೆ. ಹಳೆಯದು ಕಲ್ಲೇಟಿಗೆ ಹೋದ ಮೇಲೆ ಐದು ತಿಂಗಳು ಕಾದು, ಯಜಮಾನರು ಗೋಪಾಲಪ್ಪನವರು ಇದನ್ನು ಮದರಾಸಿನಿಂದ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಕೂರಿಸಿದ ದಿನವೇ ಹೇಳಿದರು: "ಶಫಿ, ಈ ಗಾಜಿಗೋ ಬಸ್ಸಿಗೋ ಯಾರ ಕೈಲಿ ಏಟಾಗ್ತದೋ ಅವ್ನು ಆವತ್ತೇ ಸ್ಟೇರಿಂಗ್ ಬಿಟ್ಟು ಇಳೀಬೇಕು. ನೀನಾದ್ರೂ ಅಷ್ಟೆ."

ನಾನು ಇಳಿಯುವುದೇ! ಹದಿನಾಲ್ಕು ವರ್ಷದಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಐದೂವರೆ ಬಸ್ಸು ನನ್ನದು. ಹೊಸಕೋಟೆಯಲ್ಲಿ ಶಫೀವುಲ್ಲಾ ಅಂದರೆ ಯಾರಿಗೂ ಗೊತ್ತಾಗದು, ಮೊದಲ ಬಸ್ ಶಫಿ ಅಂದರೆ ಮನೆ ಬಾಗಿಲವರೆಗೂ ಕರೆದುಕೊಂಡು ಬರುತ್ತಾರೆ.

೮ ಡಿಸೆಂಬರ್, ಬುಧವಾರ

ದಂಡಿನ ಲಾರಿಯೊಂದು ರಸ್ತೆ ಬದಿ ಕೆಟ್ಟು ನಿಂತಿತ್ತು. ಅದರ ಬಿಳಿ ಸೋಲ್ಜರಿಗೆ ಸ್ಪ್ಯಾನರ್ ಕೊಟ್ಟೆ. ಅವನು ಬೀಡಿ ಕೇಳಿ ಸೇದಿ, ಕೆಮ್ಮಿ ಸಾಯುವ ಹಾಗಾದ. ನನ್ನ ಹರಕು ಇಂಗ್ಲಿಷಿನಲ್ಲಿ ಮಂಜಿನ ಗೋಳು ಹೇಳಿಕೊಂಡೆ. ಅವನಿಗೆ ನಗು. ಅವನ ಊರಿನಲ್ಲಿ ಚಳಿಗಾಲಕ್ಕೆ ಗಾಜಿನ ಮೇಲೆ ಹಿಮ ಬಿದ್ದು ಕಲ್ಲಾಗುತ್ತದಂತೆ. ಕೆರೆದು ತೆಗೆಯಬೇಕಂತೆ. ಅದಕ್ಕೇ ಸಂಜೆ ಗಾಡಿ ನಿಲ್ಲಿಸಿದ ಕೂಡಲೆ ಗಾಜಿಗೆ ದಪ್ಪ ಬಟ್ಟೆ ಹೊದಿಸುತ್ತಾರಂತೆ.

ವಾಪಸು ಬರುವಾಗ ಕಂಡಕ್ಟರ್ ಪಿಳ್ಳಣ್ಣನಿಗೆ ಹೇಳಿದೆ. "ಅಯ್ಯೋ ಶಫಿಯಣ್ಣ, ಮನುಷ್ಯರಿಗೇ ಹೊದಿಯಾಕಿಲ್ಲ, ಗಾಜಿಗ್ ಹೊದ್ಸೋದಾ?" ಅಂದ. ಆಮೇಲೆ ಅವನೇ ಯೋಚನೆ ಮಾಡಿ, "ಬಟ್ಟೆ ಬ್ಯಾಡಣ್ಣ, ನೀರು ಕುಡೀತದೆ. ಕಂಬಳಿ ಹಾಕು," ಅಂದ. ಬುದ್ಧಿ ಅಂದರೆ ಇದು.

ಪಿಳ್ಳಣ್ಣನ ವಿಷಯ ಬರೆಯಬೇಕು. ಒಂಬತ್ತು ವರ್ಷದಿಂದ ನನ್ನ ಜೊತೆ ಇದ್ದಾನೆ. ಮುಂಜಾನೆ ಬಸ್ಸಿನ ಹಿಂದಿನ ಇದ್ದಿಲ ಒಲೆ ಹಚ್ಚುವವನು ಅವನು, ಮುಂದೆ ಗಾಜು ನೋಡಿಕೊಳ್ಳುವವನು ನಾನು. ತಮ್ಮನಿಲ್ಲದ ನನಗೆ ತಮ್ಮ. ಈ ವರ್ಷ ಭಾನುವಾರಗಳಲ್ಲಿ ಪಿಲ್ಲಗುಂಪೆ ಕಡೆಯ ಖಾಲಿ ರಸ್ತೆಯಲ್ಲಿ ಅವನಿಗೆ ಬಸ್ಸು ಓಡಿಸುವುದು ಕಲಿಸಿದೆ. ಹೋದ ತಿಂಗಳು ಲೈಸೆನ್ಸ್ ಸಿಕ್ಕಿದಾಗ ನನ್ನ ಕಾಲು ಮುಟ್ಟಿದ. ಅವನ ಹೆಂಡತಿ ವರಲಕ್ಷ್ಮಮ್ಮನಿಗೆ ಈಗ ತುಂಬಿದ ತಿಂಗಳು. ಖದೀಜಾ ದಿನಾ ಏನಾದರೂ ಮಾಡಿ ಕಳಿಸುತ್ತಾಳೆ.

೧೪ ಡಿಸೆಂಬರ್, ಮಂಗಳವಾರ

ಹೋದ ವಾರದ ಸಂತೆಯಲ್ಲಿ ಕಂಬಳಿ ತಂದೆ. ಸಾಸಲು ಕಡೆಯ ಕುರುಬ ದೊಡ್ಡಬೀರಪ್ಪ ತಾನೇ ನೇಯ್ದು ಸಂತೆಗೆ ಹೊತ್ತು ತರುತ್ತಾನೆ. ಗಾಜಿಗೆ ಅಂದ ಕೂಡಲೆ ಅವನು ಕಂಬಳಿಯನ್ನು ವಾಪಸು ಕಿತ್ತುಕೊಂಡ.

"ಗಾಜಿಗಾ? ಹಿಂಗೇ ಹಾಕೀಯಾ ಮತ್ತೆ! ಹೊಸಾ ಕಂಬಳಿ, ನೂಲಿಗೆಲ್ಲ ಹುಣಸೆಬೀಜದ ಗಂಜಿ ಕುಡಿಸಿರ್ತೀವಿ. ಇಬ್ಬನಿ ತಾಗಿದ್ರೆ ಗಂಜಿ ಬಿಟ್ಕಂಡು ಗಾಜಿಗ್ ಮೆತ್ಕತದೆ. ಬಿಸ್ಲಿಗೆ ಒಣಗಿದ್ರೆ ನಿಮ್ಮಪ್ಪ ಬಂದ್ರೂ ಹೋಗಲ್ಲ. ನಾಕು ಸಲ ಒಗ್ದು ಗಂಜಿ ಪೂರಾ ತೆಗೀ. ಕೈಗೆ ಮೆತ್ತಗಾದ್ಮೇಲೆ ಹಾಕು."

ಇದನ್ನೆಲ್ಲ ಪಿಳ್ಳಣ್ಣನೂ ನನ್ನ ಪಕ್ಕದಲ್ಲೇ ನಿಂತು ಕೇಳಿದ.

ನಾಲ್ಕು ಸಲವಲ್ಲ, ಐದು ಸಲ ಒಗೆದೆವು. ಒದ್ದೆ ಕಂಬಳಿಯ ಭಾರ ಏನು ಅಂತ ಎತ್ತಿದವನಿಗೇ ಗೊತ್ತು. ನಾನೊಂದು ತುದಿ, ಖದೀಜಾ ಒಂದು ತುದಿ ಹಿಡಿದು ಹಿಂಡಿದೆವು. ನೀರು ಅಂಬಲಿಯ ಹಾಗೆ ಹೋಗುತ್ತಿತ್ತು. "ಅಜೀ, ನಮ್ಮ ಮದುವೆಯಾಗಿ ಹದಿನೇಳು ವರ್ಷ ಆಯ್ತು, ನನ್ನ ಒಂದು ದುಪ್ಪಟ್ಟಿ ಒಗೆದುಕೊಟ್ಟಿಲ್ಲ ನೀವು," ಅಂದಳು. ನಗುತ್ತಲೇ ಅಂದಳು. ಆಮೇಲೆ ಕಂಬಳಿಯ ನಾಲ್ಕು ಮೂಲೆಗೂ ತನ್ನ ಹಳೆಯ ಹಸಿರು ಲಂಗದ ಲಾಡಿ ಹೊಲಿದುಕೊಟ್ಟಳು, ಬಸ್ಸಿಗೆ ಕಟ್ಟಲು.

೧೯ ಡಿಸೆಂಬರ್, ಭಾನುವಾರ

ಐದು ದಿನ ಪರೀಕ್ಷೆ ಮಾಡಿ ನೋಡಿದ್ದೇನೆ. ಪ್ರಯೋಜನ ಉಂಟೋ ಇಲ್ಲವೋ ಅಂದವರೆಲ್ಲ ಬಂದು ನೋಡಿಕೊಳ್ಳಲಿ. ಸಂಜೆ ಕಟ್ಟುತ್ತೇನೆ. ಬೆಳಿಗ್ಗೆ ಕಂಬಳಿ ಮೇಲೆ ಇಬ್ಬನಿ ಸಾಸಿವೆ ಕಾಳಿನ ಹಾಗೆ ನಿಂತಿರುತ್ತದೆ. ಕೊಡವಿ ತೆಗೆದರೆ ಒಳಗೆ ಗಾಜು ಕನ್ನಡಿ! ಐದೂವರೆ ಅಂದರೆ ಐದೂವರೆಗೆ ಹೊರಟೆ, ಐದು ದಿನವೂ.

ಇವತ್ತು ಯಜಮಾನರೇ ಬಂದು ನೋಡಿದರು. ಗಾಜನ್ನು ಬೆರಳಿನಿಂದ ಸವರಿ, "ಭಲೇ ಶಫಿ! ದೇವನಹಳ್ಳಿ ಬಸ್ಸಿಗೂ ಒಂದು ಹಾಕ್ಸಾಣ," ಅಂದರು. ನಾನು, "ಕಂಬಳಿ ಅಂತ ಹೇಳಿದ್ದು ಪಿಳ್ಳಣ್ಣ, ಸ್ವಾಮಿ," ಅಂದೆ. ಅವನ ಮುಖ ಅರಳಿತು. ಹಂಚಿಕೊಂಡರೆ ಹೆಸರೇನು ಸವೆದುಹೋಗುತ್ತದೆಯೇ?

ಬರುವಾಗ ಇಬ್ಬರೂ ನರಸಮ್ಮನ ಕಾಫಿ ಅಂಗಡಿಯಲ್ಲಿ ಕೂತೆವು. ಮಂಜಿನಲ್ಲಿ ದಿಟ್ಟಿಸಿ ದಿಟ್ಟಿಸಿ ನನ್ನ ಕಣ್ಣಲ್ಲಿ ನೀರು ಬರುತ್ತದೆ ಕಣೋ, ವಯಸ್ಸಾಯಿತೇನೋ ಅಂದೆ. "ಸುಮ್ಕಿರಣ್ಣ, ನಿನ್ ಕಣ್ಣು ಗಿಡುಗನ್ ಕಣ್ಣು," ಅಂದ.

೨೩ ಡಿಸೆಂಬರ್, ಗುರುವಾರ

ಪಿಳ್ಳಣ್ಣನಿಗೆ ಹೆಣ್ಣು ಮಗು! ತಿಂಗಳು ತುಂಬಿದ್ದರೂ ಬಹಳ ಸಣ್ಣ ಮಗುವಂತೆ. ಸ್ಟ್ಯಾಂಡಿನಲ್ಲಿ ಎಲ್ಲರಿಗೂ ನಾನೇ ಸಕ್ಕರೆ ಹಂಚಿದೆ, ನನಗೇ ಮಗುವಾದ ಹಾಗೆ.

೨೭ ಡಿಸೆಂಬರ್, ಸೋಮವಾರ

ಇವತ್ತಿನದು ಪೂರಾ ಬರೆಯುತ್ತೇನೆ, ಮರೆತುಹೋಗಬಾರದು.

ಬೆಳಿಗ್ಗೆ ನಾನು ಸ್ಟ್ಯಾಂಡಿಗೆ ಹೋಗುವ ಹೊತ್ತಿಗೆ ಪಿಳ್ಳಣ್ಣ ಕಂಬಳಿ ಬಿಚ್ಚಿ ಬಸ್ಸಿನ ಪೆಟ್ಟಿಗೆಗೆ ತುಂಬಿದ್ದ. ದಿನಾ ಬಿಚ್ಚುವವನು ನಾನು. "ನಿಂಗ್ಯಾಕಣ್ಣ ತ್ರಾಸು ಅಂತ ನಾನೇ ಬಿಚ್ಚಿದೆ," ಅಂದ. ಕತ್ತಲು. ಗಾಜು ಕೈಗೆ ಸ್ವಲ್ಪ ಅಂಟಿದ ಹಾಗಾಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿ ಹೊರಟೆ. ಬೆಂಗಳೂರಿಗೆ ಹೋಗುವಾಗ ಏನೂ ಆಗಲಿಲ್ಲ, ಬಿಸಿಲಿನ್ನೂ ಬಂದಿರಲಿಲ್ಲ, ಬಂದರೂ ಬೆನ್ನಿಗೆ ಬೀಳುತ್ತದೆ.

ವಾಪಸು ಬರುವಾಗ ಸೂರ್ಯ ಎದುರಿಗೆ. ಮೇಡಹಳ್ಳಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಬಿಸಿಲು ನೇರ ಗಾಜಿಗೆ ಹೊಡೆಯಿತು. ಇಡೀ ಗಾಜು ಹಾಲು ಬಳಿದ ಹಾಗೆ ಬೆಳ್ಳಗಾಯಿತು. ರಸ್ತೆಯೇ ಇಲ್ಲ! ಬ್ರೇಕು ಒತ್ತಿದೆ. ಒತ್ತುವುದರೊಳಗೆ ಧಡ್ ಅಂತ ಸದ್ದು, ಎತ್ತುಗಳ ಕೂಗು.

ಆವಲಪ್ಪ ಅನ್ನುವವರ ಕೋಸಿನ ಗಾಡಿ. ನೊಗ ಮುರಿದಿತ್ತು. ಆವಲಪ್ಪನ ಎಡಗೈ ಮೊಣಕೈ ಕೆಳಗೆ ಮುರಿದಿತ್ತು. ಬಸ್ಸಿನ ಮೂತಿ ಚಪ್ಪಟೆ, ಗಾಜಿಗೆ ಏನೂ ಆಗಿಲ್ಲ. ಆ ಮನುಷ್ಯ ನೋವಿನಲ್ಲೂ ನನ್ನನ್ನು ನೋಡಿ, "ಹಗಲು ಹೊತ್ನಲ್ಲೇ ಕಾಣಲ್ವೇನಪ್ಪಾ ನಿಂಗೆ?" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಅವರನ್ನು ಆಸ್ಪತ್ರೆಗೆ ಬಿಟ್ಟು ಬಂದು ಪೆಟ್ಟಿಗೆ ತೆಗೆದೆ. ಒಳಗಿದ್ದದ್ದು ನನ್ನ ಕಂಬಳಿಯಲ್ಲ. ಹೊಸದು, ಹಪ್ಪಳದ ಹಾಗೆ ಬಿರುಸು. ಹಸಿರು ಲಾಡಿ ಇಲ್ಲ, ಹುರಿಯಲ್ಲಿ ಕಟ್ಟಿದ ಗುರುತು. ಗಾಜಿಗೆ ಮೆತ್ತಿದ್ದು ಗಂಜಿ. ಯಾರೋ ಕಂಬಳಿ ಬದಲಾಯಿಸಿದ್ದಾರೆ.

ಯಾರು? ಸ್ಟ್ಯಾಂಡಿನಲ್ಲಿ ಅಷ್ಟು ಜನ ಓಡಾಡುತ್ತಾರೆ. ಕತ್ತಲಲ್ಲಿ ಬಿಚ್ಚಿದ ಪಿಳ್ಳಣ್ಣನಿಗೂ ಗೊತ್ತಾಗಿರಲಿಕ್ಕಿಲ್ಲ. ನಾಳೆ ಯಜಮಾನರು ಬರುತ್ತಾರೆ. ಭಯವಿಲ್ಲ. ಪಿಳ್ಳಣ್ಣ ಇದ್ದಾನೆ, ನನ್ನ ಕಂಬಳಿ ಯಾವುದು ಅಂತ ಅವನು ಹೇಳುತ್ತಾನೆ.

೨೮ ಡಿಸೆಂಬರ್, ಮಂಗಳವಾರ

ಹೇಳಲಿಲ್ಲ.

ಯಜಮಾನರು ಆ ಬಿರುಸು ಕಂಬಳಿಯನ್ನು ಬಾನೆಟ್ಟಿನ ಮೇಲೆ ಹರಡಿ ಕೇಳಿದರು. "ಪಿಳ್ಳಣ್ಣ, ನೀನು ಹೇಳಯ್ಯಾ. ಇದೇನಾ ದಿನಾ ಹಾಕ್ತಿದ್ದ ಕಂಬಳಿ?"

ಪಿಳ್ಳಣ್ಣ ನನ್ನ ಕಡೆ ನೋಡಲಿಲ್ಲ. ಕಂಬಳಿಯನ್ನು ನೋಡುತ್ತ, "ಇದೇ ಸ್ವಾಮಿ. ಮೊದ್ಲಿಂದ್ಲೂ ಇದೇ," ಅಂದ.

"ಲೋ ಪಿಳ್ಳಣ್ಣ! ಲಾಡಿ ಎಲ್ಲೋ? ಖದೀಜಾ ಹೊಲಿದ ಹಸಿರು ಲಾಡಿ?" ಅಂದೆ.

"ಕಿತ್ತೋಗಿರ್ಬೇಕಣ್ಣ," ಅಂದ. ಅಲ್ಲಿಗೆ ನಿಲ್ಲಿಸಿದ್ದರೂ ಸಾಕಿತ್ತು. "ಕಂಬಳಿದೇನೂ ಇಲ್ಲ ಸ್ವಾಮಿ. ಈಚೆಗೆ ಶಫಿಯಣ್ಣಂಗೆ ಕಣ್ಣು ಸ್ವಲ್ಪ... ಅವ್ರೇ ಹೇಳ್ತಿದ್ರು. ನೀರು ಬತ್ತದೆ ಅಂತ."

ಕಾಫಿ ಅಂಗಡಿಯಲ್ಲಿ ಅಣ್ಣ ತಮ್ಮನ ಹತ್ತಿರ ಹೇಳಿಕೊಂಡ ಮಾತು! ಅದನ್ನು ತಂದು ಯಜಮಾನರ ಮುಂದೆ ಸುರಿದುಬಿಟ್ಟ. ಅಲ್ಲಿ ಹದಿನೈದು ಜನ ನಿಂತಿದ್ದರು. ಡ್ರೈವರಿಗೆ ಕಳ್ಳ ಅನ್ನು, ಕುಡುಕ ಅನ್ನು, ಮತ್ತೊಂದು ಬಸ್ಸು ಸಿಕ್ಕೀತು. ಕಣ್ಣಿಲ್ಲ ಅಂದರೆ ಮುಗಿಯಿತು.

ಯಜಮಾನರು ನಿಟ್ಟುಸಿರು ಬಿಟ್ಟು, "ಇಳಿಯಯ್ಯಾ ಶಫಿ," ಅಂದರು. ಕಂಬಳಿ ಗಿಂಬಳಿ ಯಾವುದೂ ಇನ್ನು ಬೇಡ, ಪ್ರಯೋಜನವಿಲ್ಲ, ದೇವನಹಳ್ಳಿ ಬಸ್ಸಿಗೂ ಬೇಡ ಅಂದರು. ನಾಳೆಯಿಂದ ಪಿಳ್ಳಣ್ಣ ಓಡಿಸಲಿ, ಲೈಸೆನ್ಸ್ ಇದೆಯಲ್ಲ ಅಂದರು.

ಕೊಡಿಸಿದವನು ನಾನು.

೨೯ ಡಿಸೆಂಬರ್

ಐದೂವರೆಗೆ ಹಾಸಿಗೆಯಲ್ಲಿ ಮಲಗಿಯೇ ಹಾರನ್ ಕೇಳಿದೆ. ಕ್ಲಚ್ ಬಿಡುವಾಗ ಕಿರ್ ಅನ್ನಿಸಿದ. ಆ ಬಸ್ಸಿಗೆ ಹಾಗೆ ಬಿಡಬಾರದು.

೨ ಜನವರಿ ೧೯೪೪, ಭಾನುವಾರ

ಖದೀಜಾ ಹಟ ಹಿಡಿದಳು. "ಗಂಡಸರ ಜಗಳ ಸ್ಟ್ಯಾಂಡಿನಲ್ಲಿ ಇರಲಿ. ಬಾಣಂತಿ ಏನು ಮಾಡಿದ್ದಾಳೆ? ಮಗು ನೋಡದೆ ಇದ್ದರೆ ತಪ್ಪಾಗುತ್ತದೆ," ಅಂತ. ಪಿಳ್ಳಣ್ಣ ಬೆಂಗಳೂರಿಗೆ ಹೋದ ಹೊತ್ತು ನೋಡಿಕೊಂಡು ಇಬ್ಬರೂ ಹೋದೆವು.

ಒಳಗೆ ಕತ್ತಲೆ ಕೋಣೆ, ಅಗ್ಗಿಷ್ಟಿಕೆಯ ಹೊಗೆ. ಖದೀಜಾ ಒಳಗೆ ಹೋದಳು, ನಾನು ಬಾಗಿಲಲ್ಲಿ ನಿಂತೆ. ಮಗು ತೊಟ್ಟಿಲಲ್ಲಿತ್ತು. ಬೆಕ್ಕಿನ ಮರಿಯಷ್ಟು ಮುಖ. ಕುತ್ತಿಗೆವರೆಗೂ ಕಂಬಳಿ ಸುತ್ತಿದ್ದರು. ಕಂಬಳಿಯ ಮೂಲೆಯಿಂದ ಹಸಿರು ಲಾಡಿ ತೊಟ್ಟಿಲ ಹೊರಗೆ ನೇತಾಡುತ್ತಿತ್ತು.

ಖದೀಜಾ ನನ್ನ ಕಡೆ ತಿರುಗಿದಳು. ನಾನು ಅವಳನ್ನು ನೋಡಿದೆ.

ವರಲಕ್ಷ್ಮಮ್ಮನಿಗೆ ಏನೂ ಗೊತ್ತಿಲ್ಲ. ನಗುತ್ತ ಅಂದಳು: "ನೀವು ಕೊಟ್ಟ ಕಂಬಳಿನೇ ನನ್ ಮಗೀನ ಉಳಿಸ್ತಣ್ಣ. ಹುಟ್ಟಿದ್ ಮೂರು ದಿನಕ್ಕೆ ಚಳೀಗೆ ಕೈಕಾಲೆಲ್ಲ ನೀಲಿಯಾಗಿತ್ತು. ಮನೇಲಿದ್ದ ಹೊಸಾ ಕಂಬಳಿ ಮುಳ್ಳಿನಂಗೆ ಚುಚ್ತಿತ್ತು. ಆವತ್ತು ಸಂಜೆ ಇವ್ರು ಇದನ್ನ ತಂದ್ರು, 'ಶಫಿಯಣ್ಣ ಕೊಟ್ಟ' ಅಂದ್ರು. ಎಷ್ಟ್ ಮೆತ್ತಗದೆ! ಯಾರಾದ್ರೂ ಬಸ್ಸಿಗಿರೋದ್ನ ಕಿತ್ಕೊಡ್ತಾರಾ? ನೀವು ಕೊಟ್ರಿ."

"ಹೌದಮ್ಮ," ಅಂದೆ.

ದಾರಿಯುದ್ದಕ್ಕೂ ಖದೀಜಾ ಅತ್ತಳು. ನನಗೆ ಅಳು ಬರಲಿಲ್ಲ.

೩ ಜನವರಿ, ಸೋಮವಾರ

ಸಂಜೆ ಬಸ್ಸು ನಿಲ್ಲಿಸಿ ಬರುವಾಗ ಪಿಳ್ಳಣ್ಣನನ್ನು ಕೆರೆ ಏರಿಯ ಮೇಲೆ ಹಿಡಿದೆ. ಹೊಡೆಯಲೆಂದೇ ಹೋಗಿದ್ದೆ.

"ಕೇಳಿದ್ರೆ ಕೊಡ್ತಿರ್ಲಿಲ್ವೇನೋ? ನನ್ ಮೈಮೇಲಿನ್ ಅಂಗಿ ಬೇಕಾದ್ರೂ ಬಿಚ್ಕೊಡ್ತಿದ್ನಲ್ಲೋ!"

"ಗೊತ್ತಣ್ಣ. ಅದೊಂದು ರಾತ್ರಿಗೆ ಅಂತ ತಗಂಡೋದೆ. ಬೆಳಿಗ್ಗೆ ಹೇಳಾಣ ಅಂದ್ಕಂಡೆ. ಒಂದಿನ ಹೊಸಾ ಕಂಬಳಿ ಹಾಕಿದ್ರೆ ಏನಾಯ್ತದೆ ಅಂದ್ಕಂಡೆ."

"ದೊಡ್ಡಬೀರಪ್ಪ ಹೇಳಿದ್ದು ನಿನ್ ಕಿವೀಗ್ ಬೀಳ್ಲಿಲ್ವಾ?"

ಅವನು ಕೆರೆಯ ಕಡೆ ತಿರುಗಿಕೊಂಡ.

"ಸರಿ, ಮಗೀಗೋಸ್ಕರ ತಗಂಡೆ. ಯಜಮಾನರ ಮುಂದೆ ಯಾಕ್ ಸುಳ್ಳು ಹೇಳ್ದೆ? ಕಣ್ಣಿಂದು ಯಾಕೋ ಎತ್ದೆ?"

ಪಿಳ್ಳಣ್ಣ ಅತ್ತ. ನಿಜವಾಗಿ ಅತ್ತ. "ನಿಜ ಹೇಳಿದ್ರೆ ನನ್ನ ಓಡಿಸ್ಬಿಡ್ತಿದ್ರಣ್ಣ, ಐದು ದಿನದ್ ಕೂಸು ಮನೇಲಿ. ಬಾಯಿಗೆ ಬಂದ್ಬಿಡ್ತು. ನೀನಾದ್ರೆ ಹೆಸರಾದ್ ಡ್ರೈವರು, ಎಲ್ಲಾದ್ರೂ ಸ್ಟೇರಿಂಗ್ ಸಿಗ್ತದೆ."

"ನಾಳೆ ಹೋಗಿ ನಿಜ ಹೇಳು," ಅಂದೆ.

"ಹೇಳ್ತೀನಣ್ಣ," ಅಂದ. ನನ್ನ ಕೈ ಹಿಡಿದುಕೊಂಡು ಅಂದ. ಹೊಡೆಯಲಿಲ್ಲ.

೭ ಜನವರಿ, ಶುಕ್ರವಾರ

ಹೇಳಿಲ್ಲ. ನಾಲ್ಕು ದಿನವಾಯಿತು. ನಾನು ಎದುರಿಗೆ ಬಂದರೆ ಬಸ್ಸಿನ ಹಿಂದಕ್ಕೆ ಹೋಗುತ್ತಾನೆ.

ನಿನ್ನೆ ಬಾಬಯ್ಯನ ಹಬ್ಬ, ಮೊಹರಂ. ಊರೆಲ್ಲ ಬೀದಿಯಲ್ಲಿತ್ತು. ನಾನು ಮನೆ ಬಿಟ್ಟು ಹೊರಡಲಿಲ್ಲ. ಇವತ್ತು ನಮಾಜ್ ಮುಗಿಸಿ ಬೇರೆ ಬಸ್ ಸರ್ವಿಸಿನವರನ್ನು ಕೆಲಸ ಕೇಳಲು ಹೋದೆ. ಅವರು ಕೂರಿಸಿ ಕಾಫಿ ಕೊಟ್ಟರು. ಆಮೇಲೆ, "ಕಣ್ಣು ತೋರಿಸಿದ್ರಾ ಸಾಬ್ರೇ? ಬೆಂಗಳೂರಲ್ಲಿ ಒಳ್ಳೇ ಡಾಕ್ಟರಿದ್ದಾರೆ," ಅಂದರು. ಇನ್ನೊಬ್ಬರು ದಾರಿ ತೋರಿಸುವವರ ಹಾಗೆ ನನ್ನ ತೋಳು ಹಿಡಿದು ಮೆಟ್ಟಿಲು ಇಳಿಸಿದರು. ನಲವತ್ತೆರಡು ವರ್ಷ ನನಗೆ!

ಯಜಮಾನರ ಹತ್ತಿರ ನಾನೇ ಹೋಗಿ ತೊಟ್ಟಿಲು, ಲಾಡಿ ಎಲ್ಲಾ ಹೇಳಬಹುದು. ಹೇಳಿದರೆ ಆ ಬಾಣಂತಿಯ ಮನೆಗೆ ಜನ ನುಗ್ಗಿ, ಮಗುವಿನ ಮೈಮೇಲಿಂದ ಕಂಬಳಿ ಎಳೆದು ತಂದು ಸಾಕ್ಷಿ ತೋರಿಸಬೇಕು. ಖದೀಜಾ ಬೇಡ ಅನ್ನುತ್ತಾಳೆ. ನಾನೂ ಬೇಡ ಅಂದಿದ್ದೇನೆ. ಅವನೇ ಹೇಳಬೇಕು. ಅವನ ಬಾಯಿಂದಲೇ ಬರಬೇಕು.

೧೦ ಜನವರಿ

ಹೇಳಿಲ್ಲ.

೧೨ ಜನವರಿ, ಬುಧವಾರ

ನಿದ್ದೆ ಬರದೆ ಐದು ಗಂಟೆಗೇ ಸ್ಟ್ಯಾಂಡಿಗೆ ಹೋದೆ. ಹೋಗಬೇಕೆಂದು ಹೋದದ್ದಲ್ಲ, ಕಾಲು ಹೋಯಿತು. ಈ ಚಳಿಗಾಲದಲ್ಲೇ ಇಂಥ ಚಳಿ ನೋಡಿಲ್ಲ. ನರಸಮ್ಮನ ಅಂಗಡಿಯ ಮಾಡಿನ ಕೆಳಗೆ ನಿಂತೆ. ಬಸ್ಸು ಹತ್ತು ಮಾರು ದೂರ. ಗಾಜಿಗೆ ಹೊದಿಕೆ ಇಲ್ಲ, ಮಂಜು ದಪ್ಪಗೆ ಕೂತಿತ್ತು. ಪಿಳ್ಳಣ್ಣ ಒರೆಸುತ್ತಾನೆ, ಮತ್ತೆ ಕೂರುತ್ತದೆ. ಒಳಗಿನವರು, "ಹೊತ್ತಾಯ್ತು ಕಣಪ್ಪಾ, ಹಾಲು ಒಡೀತದೆ," ಅಂತ ಕೂಗುತ್ತಿದ್ದರು.

ಪಿಳ್ಳಣ್ಣ ಅಂಗಡಿಯ ಇನ್ನೊಂದು ಬಾಗಿಲಿಗೆ ಬಂದು ನರಸಮ್ಮನಿಂದ ಒಂದು ತಪ್ಪಲೆ ನೀರು ಇಸಿದುಕೊಂಡ. ಕುದಿಯುವ ನೀರು. ಅಂಗಡಿಯ ಲಾಂದ್ರದ ಬೆಳಕಿನಲ್ಲಿ ಆವಿ ಏಳುವುದು ನನಗೆ ಚೆನ್ನಾಗಿ ಕಾಣಿಸುತ್ತಿತ್ತು. ಬಟ್ಟೆಯಲ್ಲಿ ಹಿಡಿದುಕೊಂಡು ಬಸ್ಸಿನ ಮುಂದಕ್ಕೆ ಹೋದ.

ಚಳಿ ಹಿಡಿದ ಗಾಜಿನ ಮೇಲೆ ಕುದಿಯುವ ನೀರು ಹುಯ್ದರೆ ಏನಾಗುತ್ತದೆಂದು ನನಗೆ ಗೊತ್ತು. ಇವನಿಗೆ ಗೊತ್ತಿಲ್ಲ. ಒಂಬತ್ತು ವರ್ಷ ಮೊದಲು ಟಿಕೆಟು, ಆಮೇಲೆ ಒಲೆ ಅಂತ ಬಸ್ಸಿನ ಹಿಂದೆಯೇ ಇದ್ದವನು. ಗೇರು ಕಲಿಸಿದೆ, ಬ್ರೇಕು ಕಲಿಸಿದೆ, ಇದನ್ನು ಕಲಿಸಲಿಲ್ಲ. ಮಂಜಿನ ಕಾಲದಲ್ಲಿ ಪಾಠ ಮಾಡಲಿಲ್ಲ, ಅಷ್ಟೆ.

ಅವನು ತಪ್ಪಲೆ ಎತ್ತಿದ. ಎತ್ತಿ ಒಂದು ಗಳಿಗೆ ನಿಂತ, ಕೆಳಗೆ ಇಟ್ಟು ಕೈ ಊದಿಕೊಂಡ, ಮತ್ತೆ ಎತ್ತಿದ. "ಲೋ" ಅನ್ನುವಷ್ಟು ಸಮಯವಿತ್ತು. ನನ್ನ ಬಾಯಿ ತೆರೆದಿತ್ತು ಅಂತಲೂ ನೆನಪು. ಕೂಗಿದರೆ ಕೇಳಿಸುವಷ್ಟು ಹತ್ತಿರ.

ಟಪ್ ಅಂತ ಒಂದೇ ಸದ್ದು. ಮೇಲಿಂದ ಕೆಳಗಿನವರೆಗೆ ಸೀಳಿತು. ಆಮೇಲೆ ಬಲಗಡೆ ಭಾಗ ಜಾರಿ ನೆಲಕ್ಕೆ ಬಿದ್ದು ಚೂರಾಯಿತು.

ಪಿಳ್ಳಣ್ಣ ತಪ್ಪಲೆ ಹಿಡಿದುಕೊಂಡೇ ತಿರುಗಿದ. ನನ್ನನ್ನು ನೋಡಿದ. "ಅಣ್ಣಾ..." ಅಂದ.

ನಾನು ಮನೆಗೆ ಬಂದೆ. ಅವನ ಬಸ್ಸು, ಅವನ ಗಾಜು. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

೧೫ ಜನವರಿ, ಶನಿವಾರ

ಸಂಕ್ರಾಂತಿ ಮುಗಿದ ಮಾರನೆಯ ದಿನವೇ ಯಜಮಾನರು ಹೇಳಿಕಳಿಸಿದರು. ಖದೀಜಾ ತಟ್ಟೆ ಮುಂದಿಟ್ಟು ಒಳಗೆ ಹೋದಳು. ಮೂರು ದಿನದಿಂದ ಹೀಗೇ. ವರಲಕ್ಷ್ಮಮ್ಮನ ಮನೆಗೆ ಎರಡು ಸಲ ಹೋಗಿಬಂದಿದ್ದಾಳೆ. ಏನಾಯಿತು ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಸ್ಟ್ಯಾಂಡಿನಲ್ಲಿ ಯಜಮಾನರು ಒಬ್ಬರೇ ಇದ್ದರು. ಪಿಳ್ಳಣ್ಣನನ್ನು ಆವತ್ತೇ ಕೆಲಸದಿಂದ ತೆಗೆದರಂತೆ, ಕಂಡಕ್ಟರ್ ಕೆಲಸದಿಂದಲೂ. ನನ್ನನ್ನು ಬಸ್ಸಿನ ಪಕ್ಕ ನಿಲ್ಲಿಸಿ, "ಎದುರಿಗಿರೋ ಬೋರ್ಡು ಓದು ನೋಡಾಣ," ಅಂದರು. ರಸ್ತೆಯಾಚೆಯ ಮಂಡಿಯ ಬೋರ್ಡು. ಮೇಲಿನ ಸಾಲು ಓದಿದೆ. ಕೆಳಗಿನ ಸಣ್ಣಕ್ಷರವನ್ನೂ ಓದಿದೆ. ಬೋರ್ಡು ಬರೆದವನ ಹೆಸರನ್ನೂ ಓದಿದೆ.

"ನಿನ್ ಕಣ್ಣಿಗೇನಾಗಿದೆಯಯ್ಯಾ! ಸುಮ್ನೆ ಅವ್ನ ಮಾತು ಕಟ್ಕೊಂಡು ನಿನ್ನ ಇಳಿಸ್ದೆ. ತಗೋ, ನಾಳೆಯಿಂದ ನೀನೇ ಓಡ್ಸು," ಅಂದರು. ಬೀಗದ ಕೈ ನನ್ನ ಕೈಗಿಟ್ಟರು. ತಣ್ಣಗಿತ್ತು. ಇನ್ನೊಂದು ಗಾಜು ಬರುವವರೆಗೂ ಹಾಗೇ ಓಡಿಸಬೇಕು. ಗಾಳಿ ಹೊಡೆಯಲಿ, ಪರವಾಗಿಲ್ಲ.

ಹೊರಟವನನ್ನು ಅವರು ಮತ್ತೆ ಕರೆದರು.

"ಅಲ್ಲಯ್ಯಾ ಶಫಿ, ಆವತ್ತು ಬೆಳಿಗ್ಗೆ ನೀನೂ ಅಂಗಡಿ ಹತ್ರ ಇದ್ಯಂತೆ? ನರಸಮ್ಮ ಹೇಳಿದ್ಳು. ಇಷ್ಟು ದೂರದ್ ಬೋರ್ಡು ಓದ್ತೀಯ. ಅವ್ನ ಕೈಲಿದ್ದ ಬಿಸಿನೀರು ನಿಂಗೆ ಕಾಣಲಿಲ್ವಾ?"

"ಇಲ್ಲ ಸ್ವಾಮಿ," ಅಂದೆ. "ಮಂಜಿತ್ತು."

ಮಂಜು ಇದ್ದದ್ದು ನಿಜ. ಯಾರನ್ನು ಬೇಕಾದರೂ ಕೇಳಲಿ.